ತೊಟ್ಟಿಮನೆಯ ಚಳಿ ಕೋಣೆ: ಹೀಟರ್ ತರುವ ಮೊದಲು ಗಾಳಿ ನಿಲ್ಲಿಸಿ

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ, ಪಾಂಡವಪುರದ ಕಡೆ. ಅಜ್ಜನ ಕಾಲದ ತೊಟ್ಟಿಮನೆ, ಮಂಗಳೂರು ಹೆಂಚು. ತಂದೆಯವರಿಗೆ 78 ವರ್ಷ, ಅಸ್ತಮಾ ಮತ್ತು ಸಕ್ಕರೆ ಕಾಯಿಲೆ ಇದೆ. ಅವರು ಮಲಗುವುದು ಈಶಾನ್ಯದ ಕೋಣೆಯಲ್ಲಿ. ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಪೂರ್ವಕ್ಕೆ ಕಬ್ಬಿನ ಗದ್ದೆ, ಅದರಾಚೆ ನಾಲೆ. ಡಿಸೆಂಬರ್ ಬಂತೆಂದರೆ ಕೋಣೆಯಲ್ಲಿ ಗಾಳಿ ಸುಯ್ ಅನ್ನುತ್ತದೆ. ಅಮ್ಮ ರಾತ್ರಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ ಮಂಚದ ಹತ್ತಿರ ಇಡುತ್ತಾರೆ. ಮಗ 2000 ವ್ಯಾಟಿನ ರೂಮ್ ಹೀಟರ್ ತರೋಣ ಅನ್ನುತ್ತಾನೆ. ಕಿಟಕಿ, ಬಾಗಿಲ ಸಂದುಗಳನ್ನೆಲ್ಲ ಮುಚ್ಚಿಬಿಡೋಣ ಅಂತ ನನ್ನ ಯೋಚನೆ. ಯಾವುದು ಸರಿ?

ಉತ್ತರ: ಮೂರರಲ್ಲಿ ನಿಮ್ಮ ಯೋಚನೆಯೇ ಸರಿಗೆ ಹತ್ತಿರ. ಆದರೆ ಅದಕ್ಕೆ ಕೈ ಹಾಕುವ ಮೊದಲು ಒಂದು ಕೆಲಸ ಇವತ್ತೇ ಆಗಬೇಕು. ಅಗ್ಗಿಷ್ಟಿಕೆ ಕೋಣೆಯಿಂದ ಹೊರಗೆ ಹೋಗಬೇಕು.

ಅಮ್ಮನಿಗೆ ಇದನ್ನು ಹೇಳುವುದು ಸುಲಭವಲ್ಲ, ಗೊತ್ತು. "ನಾವು ಹುಟ್ಟಿದಾಗಿನಿಂದ ಕೆಂಡ ಇಟ್ಟುಕೊಂಡೇ ಮಲಗಿದ್ದೇವೆ, ಏನಾಗಿದೆ?" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಏನೂ ಆಗಿಲ್ಲ. ಯಾಕೆ ಆಗಿಲ್ಲ ಅಂದರೆ ಮನೆ ತುಂಬ ಸಂದು ಇತ್ತು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲ ಹೆಂಚಿನ ಸಂದಿನಿಂದ ಆಚೆ ಹೋಗುತ್ತಿತ್ತು. ಈಗ ನೀವು ಆ ಸಂದುಗಳನ್ನೇ ಮುಚ್ಚಲು ಹೊರಟಿದ್ದೀರಿ. ಸಂದು ಮುಚ್ಚಿ, ಒಳಗೆ ಕೆಂಡ ಇಟ್ಟರೆ, ಇಷ್ಟು ವರ್ಷ ಆಗದ್ದು ಒಂದೇ ರಾತ್ರಿಯಲ್ಲಿ ಆಗಬಹುದು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಎಚ್ಚರ ಇದ್ದವರು ಎದ್ದು ಹೊರಗೆ ಬಂದಾರು. ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಹೊಗೆ ಇಲ್ಲ, ಹಾಗಾಗಿ ಅಪಾಯ ಇಲ್ಲ ಅಂದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಹೊಗೆ ಹೋಗಿ ಕೆಂಪಗೆ ನಿಗಿನಿಗಿ ಅನ್ನುವ ಕೆಂಡದಿಂದಲೇ ಈ ಅನಿಲ ಹೊರಡುತ್ತದೆ. ಬೂದಿ ಮುಚ್ಚಿದ ಕೆಂಡದಿಂದಲೂ ಹೊರಡುತ್ತದೆ. ಮೇಲಾಗಿ ತಂದೆಯವರಿಗೆ ಅಸ್ತಮಾ. ಕೆಂಡ ಬೇಕೇ ಬೇಕು ಅಂದರೆ ಸಂಜೆ ಜಗುಲಿಯಲ್ಲೋ ತೊಟ್ಟಿಯಲ್ಲೋ ಬಯಲಲ್ಲಿ ಇಟ್ಟು ಕೈಕಾಲು ಕಾಯಿಸಿಕೊಳ್ಳಲಿ. ಮಲಗುವ ಹೊತ್ತಿಗೆ ನೀರು ಹಾಕಿ ಆರಿಸಿಬಿಡಿ. ಇದೇ ಮಾತು ಬಚ್ಚಲಿನೊಳಗೆ ಕೂರಿಸಿದ ಗ್ಯಾಸ್ ಗೀಸರ್‌ಗೂ ಸಲ್ಲುತ್ತದೆ. ಅದರ ಜಾಗ ಹೊರಗೆ.

ಈಗ ಕೋಣೆಗೆ ಬರೋಣ.

ನಮ್ಮ ಹಳೇ ಮೈಸೂರು ಸೀಮೆಯ ಮನೆಗಳನ್ನು ಬೆಚ್ಚಗಿರಲಿ ಅಂತ ಕಟ್ಟಿಲ್ಲ. ವರ್ಷದಲ್ಲಿ ಒಂಬತ್ತು ತಿಂಗಳು ನಮಗೆ ಬೇಕಾದ್ದು ತಂಪು. ಹಾಗಾಗಿ ನಡುವೆ ತೊಟ್ಟಿ, ಎತ್ತರದ ಹೆಂಚಿನ ಮಾಡು, ಗೋಡೆಯ ಮೇಲೆ ಗವಾಕ್ಷಿ. ಬಿಸಿಗಾಳಿ ಮೇಲೇರಿ ಹೋಗಲಿ, ಕೆಳಗಿನಿಂದ ತಣ್ಣನೆಯ ಗಾಳಿ ಬರಲಿ ಅನ್ನುವ ಲೆಕ್ಕ. ಏಪ್ರಿಲ್‌ನಲ್ಲಿ ನೀವು ಹೊಗಳುವ ಏರ್ಪಾಡೇ ಡಿಸೆಂಬರ್‌ನಲ್ಲಿ ತಂದೆಯವರನ್ನು ನಡುಗಿಸುತ್ತಿದೆ. ಆದ್ದರಿಂದ ನಾವು ಏನು ಮಾಡಿದರೂ ಹಾಕಿ ತೆಗೆಯುವಂಥದ್ದಾಗಿರಬೇಕು. ಎರಡೂವರೆ ತಿಂಗಳ ಚಳಿಗೆ ಅಂತ ಮನೆಯನ್ನು ಶಾಶ್ವತವಾಗಿ ಬಿಗಿದರೆ ಬೇಸಿಗೆಯಲ್ಲಿ ಬೇಯುತ್ತೀರಿ.

ಚಳಿ ಎಷ್ಟಿದೆ ಅನ್ನುವುದನ್ನು ಮೊದಲು ಅಳೆಯಿರಿ. ಗೋಡೆಗೆ ನೇತುಹಾಕುವ ಸಾದಾ ಥರ್ಮಾಮೀಟರ್ ಸಾಕು. ಅದನ್ನು ಮಂಚದ ಹತ್ತಿರ, ಮಲಗಿದವರ ತಲೆಯ ಮಟ್ಟಕ್ಕೆ ಇಡಿ. ಬೆಳಗಿನ ಜಾವ ಐದೂವರೆ, ಆರಕ್ಕೆ ನೋಡಿ. ದಿನದ ಅತಿ ಚಳಿ ಹೊತ್ತು ಸೂರ್ಯ ಹುಟ್ಟುವ ಆಸುಪಾಸಿನಲ್ಲೇ ಇರುತ್ತದೆ. ಮೈಸೂರು, ಮಂಡ್ಯದ ಕಡೆ ಧನುರ್ಮಾಸದಲ್ಲಿ 15-16 ಡಿಗ್ರಿ ಮಾಮೂಲು. ಮೋಡವಿಲ್ಲದ ಕೆಲವು ರಾತ್ರಿ 10-12ಕ್ಕೂ ಇಳಿಯುತ್ತದೆ. ಸುತ್ತ ಬಯಲಿರುವ ಹಳ್ಳಿಯಲ್ಲಿ ಪಟ್ಟಣಕ್ಕಿಂತ ಚಳಿ ಜಾಸ್ತಿ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2018ರ ವಸತಿ ಮಾರ್ಗಸೂಚಿ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು. ಹೊರಗೆ 12, ಒಳಗೆ 18 ಬೇಕು ಅಂದರೆ ನಾವು ಹಿಡಿದಿಡಬೇಕಾದ್ದು ಆರು ಡಿಗ್ರಿ ಅಷ್ಟೆ. ಇದು ಶಿಮ್ಲಾ ಅಲ್ಲ. ಆರು ಡಿಗ್ರಿಯನ್ನು ಬಹುಪಾಲು ಖರ್ಚಿಲ್ಲದೆ ಗೆಲ್ಲಬಹುದು.

ಆ ಆರು ಡಿಗ್ರಿ ಎಲ್ಲಿಂದ ಸೋರುತ್ತಿದೆ? ನಿಮ್ಮ ಕೋಣೆಯ ಅಳತೆ ಹಿಡಿದು, ಸರಾಸರಿ ಎತ್ತರ ಹತ್ತು ಅಡಿ ಅಂದುಕೊಂಡು ಒಂದು ಅಂದಾಜು ಲೆಕ್ಕ ಹಾಕಿದೆ. ಕೋಣೆಯಲ್ಲಿರುವ ಗಾಳಿ ಸುಮಾರು 40 ಘನ ಮೀಟರ್. ಹೆಂಚಿನ ಮನೆಯಲ್ಲಿ, ಗಾಳಿ ಬೀಸುವ ದಿಕ್ಕಿನ ಕೋಣೆಯಲ್ಲಿ ಈ ಅಷ್ಟೂ ಗಾಳಿ ಗಂಟೆಗೆ ಆರು ಸಲ ಬದಲಾಗುತ್ತದೆ ಅಂತಿಟ್ಟುಕೊಳ್ಳಿ. ಹಾಗೆ ಒಳಬರುವ ತಣ್ಣನೆಯ ಗಾಳಿಯನ್ನು ಆರು ಡಿಗ್ರಿ ಬಿಸಿ ಮಾಡಲು ಒಂದೇ ಸಮ ಸುಮಾರು 480 ವ್ಯಾಟ್ ಬೇಕು. ಬರೀ ಹೆಂಚಿನ ಮಾಡಿನಿಂದ ಹೋಗುವುದು ಸುಮಾರು 400 ವ್ಯಾಟ್. ಹೊರಗಿನ ಎರಡು ಗೋಡೆಗಳಿಂದ ಇನ್ನೊಂದು 200. ಒಟ್ಟು ಸಾವಿರದ ಮೇಲಾಯಿತು, ಅಲ್ವಾ? ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಗಾಳಿಯದ್ದು. ಈ ಸ್ಥಿತಿಯಲ್ಲಿ ಹೀಟರ್ ತಂದರೆ ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಗಾಳಿಯನ್ನು ಗಂಟೆಗೆ ಒಂದೂವರೆ ಸಲಕ್ಕೆ ಇಳಿಸಿದರೆ 480 ಇದ್ದದ್ದು 120ಕ್ಕೆ ಬರುತ್ತದೆ. ಮಾಡಿನ ಕೆಳಗೆ ಒಂದು ತಡೆ ಕಟ್ಟಿದರೆ 400 ಇದ್ದದ್ದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಉಳಿದದ್ದಕ್ಕೆ ಮಲಗಿದವರ ಮೈಯ ಶಾಖವೇ ಸ್ವಲ್ಪ ಸಹಾಯ ಮಾಡುತ್ತದೆ. ಮಲಗಿರುವ ಒಬ್ಬ ಮನುಷ್ಯನಿಂದ 70-80 ವ್ಯಾಟ್ ಶಾಖ ಹೊರಡುತ್ತಿರುತ್ತದೆ.

ಸಂದು ಹುಡುಕಲು ಊದುಬತ್ತಿಯಷ್ಟು ಒಳ್ಳೆಯ ಸಾಧನ ಇಲ್ಲ. ನಮ್ಮ ಮೈಸೂರು ಸೀಮೆಯಲ್ಲಿ ಅದಕ್ಕೇನು ಬರವೇ? ಗಾಳಿ ಬೀಸುವ ಒಂದು ರಾತ್ರಿ, ತಂದೆಯವರು ಊಟಕ್ಕೆ ಕೂತಿರುವಾಗ, ಫ್ಯಾನ್ ನಿಲ್ಲಿಸಿ, ಬಾಗಿಲು ಕಿಟಕಿ ಹಾಕಿ ಒಂದು ಬತ್ತಿ ಹಚ್ಚಿ. ಅದನ್ನು ಕಿಟಕಿ ಚೌಕಟ್ಟಿನ ಸುತ್ತ, ಬಾಗಿಲ ಬುಡದಲ್ಲಿ, ಗೋಡೆಯ ಮೂಲೆಗಳಲ್ಲಿ ನಿಧಾನವಾಗಿ ಆಡಿಸಿ. ಪರದೆ, ಕಾಗದ ದೂರ ಇರಲಿ. ಹೊಗೆ ನೆಟ್ಟಗೆ ಮೇಲಕ್ಕೆ ಹೋದರೆ ಅಲ್ಲಿ ತೊಂದರೆಯಿಲ್ಲ. ಕೋಣೆಯ ಒಳಕ್ಕೆ ಬಾಗಿದರೆ ಅಲ್ಲಿಂದ ಗಾಳಿ ಬರುತ್ತಿದೆ. ಸಂದಿನೊಳಕ್ಕೆ ಎಳೆದುಕೊಂಡರೆ ಅಲ್ಲಿಂದ ಬೆಚ್ಚನೆಯ ಗಾಳಿ ಆಚೆ ಹೋಗುತ್ತಿದೆ. ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಿ. ಕೆಲಸ ಮುಗಿದ ಮೇಲೆ ಹೊಗೆ ಪೂರ್ತಿ ಹೋಗುವವರೆಗೆ ತಂದೆಯವರನ್ನು ಒಳಗೆ ಬಿಡಬೇಡಿ.

ಹೀಗೆ ನೋಡಿದಾಗ ಹೆಂಚಿನ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವುದೇನೆಂದರೆ, ಕೆಳಗಿನ ಸಂದುಗಳಿಂದ ಗಾಳಿ ಒಳಬರುತ್ತದೆ, ಮೇಲಿನವುಗಳಿಂದ ಹೊರಹೋಗುತ್ತದೆ. ಎಲ್ಲರೂ ಕೆಳಗಿನದಕ್ಕೆ ಬಟ್ಟೆ ತುರುಕುತ್ತಾರೆ, ಯಾಕೆಂದರೆ ಕಾಲಿಗೆ ತಾಗುವುದು ಅದು. ಆದರೆ ಮೇಲೆ ಹೋಗುವ ದಾರಿ ತೆರೆದಿದ್ದರೆ ಗಾಳಿ ಇನ್ನೊಂದು ಸಂದು ಹುಡುಕಿಕೊಂಡು ಬಂದೇ ಬರುತ್ತದೆ. ಆದ್ದರಿಂದ ಮೇಲಿನಿಂದ ಶುರುಮಾಡಿ. ಗೋಡೆಯ ತಲೆಗೂ ಹೆಂಚಿಗೂ ನಡುವೆ, ತೊಲೆಗಳ ಮಧ್ಯೆ ಒಂದು ಸಂದು ಇರುತ್ತದೆ ನೋಡಿ. ಗುಬ್ಬಿ ಗೂಡು ಕಟ್ಟುವ ಜಾಗ. ನಾಲ್ಕು ಬೆರಳಿನ ಸಂದೇ ಆದರೂ ಹನ್ನೆರಡು ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ ಅದೊಂದು ಕಿಟಕಿಯನ್ನೇ ತೆರೆದಿಟ್ಟ ಹಾಗೆ ಆಯಿತು. ಪೂರ್ವ ಮತ್ತು ಉತ್ತರದ ಗೋಡೆಯ ಮೇಲೆ ಇದನ್ನು ಈ ವಾರವೇ ಮುಚ್ಚಿ. ಸದ್ಯಕ್ಕೆ ಹಳೆಯ ಗೋಣಿಚೀಲವನ್ನು ಸುತ್ತಿ ಬಿಗಿಯಾಗಿ ತುರುಕಿದರೂ ನಡೆಯುತ್ತದೆ. ವಿದ್ಯುತ್ ತಂತಿ ಹಾದುಹೋಗುವ ಕಡೆ ಮಾತ್ರ ಗೋಣಿ ಬೇಡ, ಬೆಂಕಿಯ ಭಯ. ಗೂಡಿನಲ್ಲಿ ಮರಿ ಇದ್ದರೆ ಅವು ಹಾರಿಹೋಗುವವರೆಗೆ ಆ ಒಂದು ಜಾಗ ಬಿಡಿ.

ಹೆಂಚಿನ ಮಾಡು ಇನ್ನೊಂದು ದೊಡ್ಡ ಸಮಸ್ಯೆ. ಹೆಂಚು ತೆಳ್ಳಗಿರುವುದರಿಂದ ಸಂಜೆ ಆದ ತಕ್ಷಣ ಆರಿಹೋಗುತ್ತದೆ. ಮೋಡವಿಲ್ಲದ ರಾತ್ರಿ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದಕ್ಕೇ ಬೆಳಗ್ಗೆ ಹೆಂಚಿನ ಮೇಲೆ ಇಬ್ಬನಿ ಕೂತಿರುತ್ತದೆ. ಆ ತಣ್ಣನೆಯ ಮಾಡು ಕೆಳಗೆ ಮಲಗಿದವರ ಮೈಯ ಶಾಖವನ್ನೂ ಎಳೆಯುತ್ತದೆ. ಗಾಳಿ ನಿಂತರೂ "ಮೇಲಿಂದ ಚಳಿ ಸುರೀತದೆ" ಅಂತ ಹಿರಿಯರು ಹೇಳುವುದು ಇದನ್ನೇ. ಇದಕ್ಕೆ ಗೋಡೆಯ ಮಟ್ಟದಲ್ಲಿ ಅಡ್ಡಲಾಗಿ ಒಂದು ಮರೆ ಬೇಕು. ಹಿಂದೆ ಉಳ್ಳವರ ಮನೆಯಲ್ಲಿ ಹಲಗೆಯ ಅಟ್ಟ ಇರುತ್ತಿತ್ತು. ಅಟ್ಟದ ಕೆಳಗಿನ ಕೋಣೆಯಲ್ಲಿ ಚಳಿ ಕಡಿಮೆ ಇರುವುದನ್ನು ನೀವೂ ಗಮನಿಸಿರಬಹುದು. ನಿಮಗೆ ಅಷ್ಟು ಖರ್ಚು ಬೇಡ. ಬಿದಿರಿನ ಚಾಪೆಗಳನ್ನು ಅಂಚಿಗೆ ಅಂಚು ಸೇರಿಸಿ ತೊಲೆಗಳ ಕೆಳಗೆ ಕಟ್ಟಿಸಿ. ಅದರ ಮೇಲೆ ದಪ್ಪ ಹತ್ತಿ ಬಟ್ಟೆ ಹರಡಿದರೆ ಇನ್ನೂ ಒಳ್ಳೆಯದು. ಬಲ್ಬಿನ ಹೋಲ್ಡರ್, ವೈರು ಇದಕ್ಕೆ ತಾಗದ ಹಾಗೆ ನೋಡಿಕೊಳ್ಳಿ. ಪ್ಲಾಸ್ಟಿಕ್ ಟಾರ್ಪಾಲ್ ಸಲಹೆ ಕೊಡುವವರಿದ್ದಾರೆ, ನನಗೆ ಅದು ಹಿಡಿಸುವುದಿಲ್ಲ. ಉಸಿರಿನ ತೇವ ಅದರ ಕೆಳಮೈಯಲ್ಲಿ ಹನಿಗಟ್ಟಿ ಹಾಸಿಗೆ ಮೇಲೆ ತೊಟ್ಟಿಕ್ಕುತ್ತದೆ. ಜಿಪ್ಸಂ ಸೀಲಿಂಗ್ ಹೆಂಚಿನ ಮನೆಗೆ ಬೇಡ. ಒಂದು ಹೆಂಚು ಒಡೆದು ಮಳೆ ಸೋರಿದರೆ ಅದರ ಕತೆ ಮುಗಿಯಿತು. ಅಂದಹಾಗೆ, ಎಲ್ಲವನ್ನೂ ಬೇಸಿಗೆಗೆ ಬಿಚ್ಚಿ ಅಂದೆನಲ್ಲ, ಈ ಚಾಪೆಯ ಮರೆಗೆ ಮಾತ್ರ ಆ ಮಾತು ಅನ್ವಯಿಸುವುದಿಲ್ಲ. ಏಪ್ರಿಲ್‌ನಲ್ಲಿ ಕಾದ ಹೆಂಚಿನ ಝಳವನ್ನೂ ಅದೇ ತಡೆಯುತ್ತದೆ.

ಇನ್ನು ಕಿಟಕಿ. ಮರದ ರೆಕ್ಕೆಗಳು ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತವೆ, ಒಣಹವೆಗೆ ಕುಗ್ಗುತ್ತವೆ. ಆಗಸ್ಟ್‌ನಲ್ಲಿ ಗುದ್ದಿ ತೆಗೆಯಬೇಕಿದ್ದ ಕಿಟಕಿ ಜನವರಿಯಲ್ಲಿ ಸಂದು ಬಿಡುವುದು ಇದಕ್ಕೇ. ಮಳೆಗಾಲದಲ್ಲಿ ಬಿಗಿ ಅಂತ ಬಡಗಿಯನ್ನು ಕರೆಸಿ ಉಜ್ಜುಗೊರಡು ಹೊಡೆಸಿದರೆ ಚಳಿಗಾಲದ ಸಂದು ಇನ್ನೂ ದೊಡ್ಡದಾಗುತ್ತದೆ. ಅದನ್ನು ಮಾಡಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿಗೆ ಅಂಟು ಇರುವ ಫೋಮ್ ಟೇಪ್ ಸಿಗುತ್ತದೆ. ಚೌಕಟ್ಟಿನ ಒಳಗಿನ ಅಂಚನ್ನು ಚೆನ್ನಾಗಿ ಒರೆಸಿ, ಒಣಗಿದ ಮೇಲೆ ಅಂಟಿಸಿ. ರೆಕ್ಕೆ ಮುಚ್ಚಿ ಚಿಲಕ ಹಾಕಿದಾಗ ಅದು ಒತ್ತಿಕೊಂಡು ಸಂದು ತುಂಬುತ್ತದೆ. ಎರಡು ರೆಕ್ಕೆ ಸೇರುವ ನಡುಗೆರೆಯನ್ನು ಮರೆಯಬೇಡಿ. ಅಲ್ಲಿ ಒಂದು ರೆಕ್ಕೆಗೆ ತೆಳ್ಳನೆಯ ಮರದ ಪಟ್ಟಿ ಹೊಡೆಸಿದರೆ ಸಾಕು. ಚೌಕಟ್ಟಿಗೂ ಗೋಡೆಗೂ ನಡುವೆ ಬಿರುಕಿದ್ದರೆ ಬರೀ ಸಿಮೆಂಟ್ ತುಂಬಿಸಬೇಡಿ. ಮಣ್ಣಿನ ಗೋಡೆಯ ಜೊತೆ ಸಿಮೆಂಟ್ ಹೊಂದುವುದಿಲ್ಲ, ಮುಂದಿನ ವರ್ಷ ಅದರ ಪಕ್ಕದಲ್ಲೇ ಇನ್ನೊಂದು ಬಿರುಕು ಬರುತ್ತದೆ. ಸುಣ್ಣದ ಗಾರೆ ಗೊತ್ತಿರುವ ಕೆಲಸದವರು ಸಿಕ್ಕರೆ ಅವರಿಂದ ಮಾಡಿಸಿ.

ಕಿಟಕಿಗೆ ದಪ್ಪ ಪರದೆ ಹಾಕಿ, ಅದು ಕಿಟಕಿಯಿಂದ ಎರಡೂ ಕಡೆ ಗೇಣುದ್ದ ಆಚೆ ಬರಲಿ, ಕೆಳಗೆ ನೆಲ ಮುಟ್ಟಲಿ. ಸೊಳ್ಳೆ ಜಾಲರಿ ಗಾಳಿ ತಡೆಯುತ್ತದೆ ಅನ್ನುವ ನಂಬಿಕೆ ಕೆಲವರಿಗಿದೆ. ಕಿಟಕಿಗೆ ಹೊಡೆದ ಜಾಲರಿ ಏನೂ ತಡೆಯುವುದಿಲ್ಲ.

ಬಾಗಿಲಿಗೆ ಬಂದರೆ, ತೊಟ್ಟಿಮನೆಯವರಾದ ನಿಮಗೆ ಒಂದು ಅನುಕೂಲ ಇದೆ. ಕೋಣೆಗೂ ಹೊಸ್ತಿಲು ಇರುತ್ತದೆ. ಈಗಿನ ಮನೆಗಳಲ್ಲಿ ಒಳಬಾಗಿಲಿಗೆ ಹೊಸ್ತಿಲು ಇಡುವುದೇ ಇಲ್ಲ, ನೆಲಕ್ಕೂ ಬಾಗಿಲಿಗೂ ಅರ್ಧ ಇಂಚು ಬಿಡುತ್ತಾರೆ. ಮೂರು ಅಡಿ ಬಾಗಿಲಿಗೆ ಅರ್ಧ ಇಂಚು ಅಂದರೆ 18 ಚದರ ಇಂಚು. ಗೋಡೆಯಲ್ಲಿ ನಾಲ್ಕು ಇಂಚು ಉದ್ದ, ನಾಲ್ಕು ಇಂಚು ಅಗಲದ ತೂತು ಕೊರೆದಿದ್ದರೆ ಸುಮ್ನೆ ಇರುತ್ತಿದ್ದೆವೇ? ನಿಮ್ಮಲ್ಲಿ ಹೊಸ್ತಿಲು ಸವೆದು ನಡುವೆ ತಗ್ಗಾಗಿರಬಹುದು. ಬಾಗಿಲ ಒಳಬದಿಗೆ ಬುಡದಲ್ಲಿ ರಬ್ಬರ್ ಅಥವಾ ಬ್ರಷ್ ಪಟ್ಟಿ ಹೊಡೆಸಿ. ಆಗ ಅರಿಸಿನ ಕುಂಕುಮ ಇಡುವ ಹೊಸ್ತಿಲಿಗೆ ಮೊಳೆ ತಾಗುವುದಿಲ್ಲ, ಅಮ್ಮನ ಆಕ್ಷೇಪವೂ ಇರುವುದಿಲ್ಲ. ಅದೂ ಬೇಡ ಅಂದರೆ ಹಳೆಯ ಸೀರೆಯನ್ನು ಬಿಗಿಯಾಗಿ ಸುತ್ತಿ ಉದ್ದನೆಯ ದಿಂಬಿನ ಹಾಗೆ ಹೊಲಿದು ರಾತ್ರಿ ಬಾಗಿಲ ಬುಡಕ್ಕೆ ಇಡಿ. ಆದರೆ ತಂದೆಯವರು ರಾತ್ರಿ ಎದ್ದು ಓಡಾಡುವವರಾದರೆ ಇದು ಬೇಡ, ಕಾಲಿಗೆ ತೊಡರಿ ಬಿದ್ದರೆ ಚಳಿಗಿಂತ ದೊಡ್ಡ ತಾಪತ್ರಯ. ಪಟ್ಟಿಯೇ ಮೇಲು.

ತೊಟ್ಟಿಯ ಬಗ್ಗೆ ಒಂದು ಮಾತು. ರಾತ್ರಿ ತಣ್ಣಗಾದ ಗಾಳಿ ಭಾರ. ಅದು ತೊಟ್ಟಿಯೊಳಗೆ ಇಳಿದು, ಪಡಸಾಲೆಗೆ ಹರಡಿ, ಕೋಣೆಯ ಬಾಗಿಲ ಬುಡಕ್ಕೆ ಬರುತ್ತದೆ. ಇಡೀ ತೊಟ್ಟಿಗೆ ಶೀಟು ಹೊದಿಸಿಬಿಡುವ ಯೋಚನೆ ಬಂದರೆ ಬಿಟ್ಟುಬಿಡಿ. ಬೆಳಕು ಹೋಗುತ್ತದೆ, ತೇವ ಹೆಚ್ಚುತ್ತದೆ, ಮನೆ ಮನೆಯಾಗಿ ಉಳಿಯುವುದಿಲ್ಲ. ಕೋಣೆಯ ಬಾಗಿಲಿಗೆ ಪಡಸಾಲೆಯ ಕಡೆಯಿಂದ ಒಂದು ದಪ್ಪ ಪರದೆ ಬಿಟ್ಟರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ, ಒಂದು ಕಾಸೂ ಖರ್ಚಿಲ್ಲದ ಉಪಾಯ ಇದೆ. ಚಳಿ ಮುಗಿಯುವವರೆಗೆ ತಂದೆಯವರ ಮಂಚವನ್ನು ನೈಋತ್ಯದ ಕೋಣೆಗೆ ಹಾಕಲು ಆಗುತ್ತದೆಯೇ? ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಬೀಸುವುದು ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ನಿಮ್ಮ ಕೋಣೆ ಅದಕ್ಕೆ ನೇರ ಎದೆಯೊಡ್ಡಿ ನಿಂತಿದೆ. ಜೊತೆಗೆ ಡಿಸೆಂಬರ್‌ನ ಸೂರ್ಯ ದಕ್ಷಿಣಕ್ಕೆ ವಾಲಿ ಸಾಗುತ್ತಾನೆ. ನಡುಮಧ್ಯಾಹ್ನವೂ ದಕ್ಷಿಣದ ಆಕಾಶದಲ್ಲಿ ಸುಮಾರು 54 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಉತ್ತರದ ಗೋಡೆಗೆ ಇಡೀ ದಿನ ಬಿಸಿಲಿಲ್ಲ. ದಕ್ಷಿಣದ ಗೋಡೆಗೆ ದಿನವಿಡೀ, ಪಶ್ಚಿಮದ ಗೋಡೆಗೆ ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಾದರೆ ಹೊರಗಿನ ಬಿಸಿ ಒಳಮೈಗೆ ತಲುಪಲು ಸುಮಾರು ಆರೇಳು ಗಂಟೆ ಹಿಡಿಯುತ್ತದೆ. ನಿಮ್ಮ ಮಣ್ಣಿನ ಗೋಡೆ ದಪ್ಪಗಿದ್ದರೆ ಇನ್ನೂ ನಿಧಾನ. ಅಂದರೆ ಮೂರು ಗಂಟೆಯ ಬಿಸಿಲು ರಾತ್ರಿ ಹತ್ತರ ಮೇಲೆ ಒಳಗೆ ಬರುತ್ತದೆ. ಸರಿಯಾಗಿ ಬೇಕಾದ ಹೊತ್ತಿಗೆ! ಮನೆಯ ಹಿರಿಯರಿಗೆ ನೈಋತ್ಯದ ಕೋಣೆ ಅಂತ ವಾಸ್ತು ಹೇಳುವವರೂ ಹೇಳುತ್ತಾರೆ. ವಾಸ್ತುವಿನ ಎಲ್ಲ ಮಾತಿಗೂ ನಾನು ಹೂಂ ಅನ್ನುವುದಿಲ್ಲ, ಚಳಿಗಾಲದ ಮಟ್ಟಿಗೆ ಈ ಮಾತಿಗೆ ನನ್ನ ತಕರಾರಿಲ್ಲ. ಬೇಸಿಗೆಯಲ್ಲಿ ಅದೇ ಕೋಣೆ ಕಾಯುತ್ತದೆ. ಆಗ ಮತ್ತೆ ಈಶಾನ್ಯಕ್ಕೆ ಬರಲಿ. ಹಿರಿಯರು ಅಭ್ಯಾಸದ ಕೋಣೆ ಬಿಡಲು ಒಪ್ಪುವುದು ಕಷ್ಟ. "ಬಿಸಿಲು ಬರುವ ಕೋಣೆ ಅಪ್ಪಾಜಿ, ಪೇಪರ್ ಓದೋಕೆ ಚೆನ್ನಾಗಿರುತ್ತೆ" ಅಂತ ಕೇಳಿ ನೋಡಿ.

ಯಾವ ಕೋಣೆಯೇ ಆಗಲಿ, ಬೆಳಗ್ಗೆ ಇಬ್ಬನಿ ಕರಗಿ ಬಿಸಿಲು ಬಲಿತ ಮೇಲೆ ಹತ್ತಕ್ಕೆ ಕಿಟಕಿ ಪೂರ್ತಿ ತೆರೆಯಿರಿ. ಸಂಜೆ ನಾಲ್ಕೂವರೆಗೆ ಮುಚ್ಚಿ. ಬಹಳ ಜನ ಸೊಳ್ಳೆ ಬರುವ ಹೊತ್ತಿಗೆ, ಆರು ಗಂಟೆಗೆ ಮುಚ್ಚುತ್ತಾರೆ. ಅಷ್ಟರಲ್ಲಿ ಹಗಲೆಲ್ಲ ಕೂಡಿಟ್ಟ ಬಿಸಿ ಅರ್ಧ ಹೋಗಿರುತ್ತದೆ.

ಹಾಸಿಗೆ ಕಡೆ ಗಮನ ಕೊಟ್ಟರೆ ಕೋಣೆಗಿಂತ ಬೇಗ ಫಲ ಸಿಗುತ್ತದೆ. ಮಂಚವನ್ನು ಹೊರಗೋಡೆಯಿಂದ ಒಂದು ಅಡಿ ಈಚೆ ಎಳೆಯಿರಿ. ಬಟ್ಟೆ ಬೀರು ಇದ್ದರೆ ಅದನ್ನು ಉತ್ತರದ ಗೋಡೆಗೆ ಒರಗಿಸಿ, ಅದೇ ಒಂದು ತಡೆ. ಹೊದೆಯಲು ಎಲ್ಲರೂ ಎರಡೆರಡು ರಗ್ಗು ಕೊಡುತ್ತಾರೆ, ಕೆಳಗೆ ಹಾಸುವುದನ್ನು ಮರೆಯುತ್ತಾರೆ. ಮೈಭಾರಕ್ಕೆ ಹಾಸಿಗೆ ಅಮುಕಿ ತೆಳ್ಳಗಾಗುತ್ತದೆ, ಅಲ್ಲಿಂದಲೇ ಬೆನ್ನಿಗೆ ಚಳಿ. ಹಾಸಿಗೆಯ ಮೇಲೆ, ಬೆಡ್‌ಶೀಟಿನ ಕೆಳಗೆ ಒಂದು ಕುರಿ ಕಂಬಳಿ ಹಾಸಿ. ಕಂಬಳಿಯ ಧೂಳು, ಎಳೆ ಅಸ್ತಮಾದವರಿಗೆ ಆಗುವುದಿಲ್ಲ. ಚೆನ್ನಾಗಿ ಕೊಡವಿ, ಬಿಸಿಲಿಗೆ ಹಾಕಿ, ಹತ್ತಿ ಬಟ್ಟೆಯ ಗವಸು ಹೊಲಿಸಿ. ಆಗಲೂ ಸೀನು, ಕೆಮ್ಮು ಬಂದರೆ ಕಂಬಳಿ ಬಿಟ್ಟು ಹತ್ತಿಯ ದಪ್ಪ ಹೊದಿಕೆಯನ್ನೇ ಮಡಿಸಿ ಹಾಸಿ. ಮೇಲೆ ಹೊದೆಯಲು ಒಂದು ದಪ್ಪ ಹೊದಿಕೆಗಿಂತ ಎರಡು ತೆಳುವಾದವು ಮೇಲು. ನಡುವಿನ ಗಾಳಿ ಪದರವೇ ಬೆಚ್ಚಗಿಡುವುದು. ನಾಲೆ ಪಕ್ಕದ ಊರಿನಲ್ಲಿ ಹಾಸಿಗೆ ತೇವ ಹಿಡಿಯುತ್ತದೆ, ತೇವದ ಹತ್ತಿ ಬೆಚ್ಚಗಿರುವುದಿಲ್ಲ. ವಾರಕ್ಕೆ ಎರಡು ಸಲವಾದರೂ ಬಿಸಿಲಿಗೆ ಹಾಕಿ, ಬಿಸಿಲಿರುವಾಗಲೇ ಒಳಗೆ ತನ್ನಿ.

ಸೊಳ್ಳೆ ಪರದೆ ಕಟ್ಟುವ ಅಭ್ಯಾಸ ಇದೆಯೇ? ನೈಲಾನ್ ಬಿಟ್ಟು ಒತ್ತು ನೇಯ್ಗೆಯ ಹತ್ತಿ ಪರದೆ ಕಟ್ಟಿ. ಅದರೊಳಗೆ ಗಾಳಿ ಓಡಾಟ ಕಡಿಮೆ, ಮೈಗೆ ನೇರ ಹೊಡೆಯುವುದಿಲ್ಲ. ಸೊಳ್ಳೆ ಬತ್ತಿಯೂ ಬೇಕಿಲ್ಲ, ಅಸ್ತಮಾ ಇರುವವರ ಕೋಣೆಯಲ್ಲಿ ಅದು ಇರಲೇಬಾರದು. ನೆಲಕ್ಕೆ ಮಂಚದ ಪಕ್ಕದಲ್ಲಿ ಜಮಖಾನೆಯೋ ತೆಂಗಿನ ನಾರಿನ ಚಾಪೆಯೋ ಹಾಸಿ, ಜಾರದ ಹಾಗೆ. ರೆಡ್ ಆಕ್ಸೈಡ್ ನೆಲಕ್ಕೆ ಬರಿಗಾಲಿಟ್ಟರೆ ಚುಮುಚುಮು ಅನ್ನುತ್ತದೆ. ಬೆಳಗಿನ ಜಾವ ಬಚ್ಚಲಿಗೆ ಹಿತ್ತಲು ದಾಟಿ ಹೋಗಬೇಕಾದರೆ ತಕ್ಷಣ ಎದ್ದು ಹೋಗುವುದು ಬೇಡ. ಹಾಸಿಗೆಯಲ್ಲೇ ಸ್ವಲ್ಪ ಹೊತ್ತು ಕೂತು, ಸ್ವೆಟರ್, ಮಂಕಿ ಕ್ಯಾಪ್, ಕಾಲುಚೀಲ, ಚಪ್ಪಲಿ ಹಾಕಿಕೊಂಡು ಹೊರಡಲಿ. ಏಕಾಏಕಿ ಚಳಿಗೆ ಹೋದರೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ.

ಬಿಸಿನೀರಿನ ಚೀಲ ಒಳ್ಳೆಯದು. ಮಲಗುವ ಕಾಲು ಗಂಟೆ ಮೊದಲು ಹೊದಿಕೆಯೊಳಗೆ ಕಾಲಿನ ಜಾಗದಲ್ಲಿಟ್ಟು, ಅವರು ಮಲಗುವಾಗ ತೆಗೆದುಬಿಡಿ. ಕುದಿಯುವ ನೀರು ಹಾಕಬೇಡಿ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿರಬಹುದು. ಸುಟ್ಟು ಬೊಬ್ಬೆ ಬಂದರೂ ಬೆಳಗಿನವರೆಗೆ ಗೊತ್ತಾಗುವುದಿಲ್ಲ.

ಈಗ ನೀವು ಕೇಳಿದ ಮುಚ್ಚುವ ಪ್ರಶ್ನೆ: ಎಲ್ಲವನ್ನೂ ಮುಚ್ಚಬಹುದೇ? ಬೇಡ. ಮೇಲಿನ ಲೆಕ್ಕದಲ್ಲಿ ಗಾಳಿಯನ್ನು ಗಂಟೆಗೆ ಒಂದೂವರೆ ಸಲಕ್ಕೆ ಇಳಿಸೋಣ ಅಂದದ್ದು ಬೇಕೆಂದೇ. ಆಗ ಇಬ್ಬರು ಮಲಗಿದರೂ ಒಬ್ಬೊಬ್ಬರಿಗೆ ಗಂಟೆಗೆ 30 ಘನ ಮೀಟರ್ ಹೊಸ ಗಾಳಿ ಸಿಗುತ್ತದೆ. ಅದಕ್ಕಿಂತ ಬಿಗಿದರೆ ಕೋಣೆ ಉಬ್ಬಸ, ಗೋಡೆಯಲ್ಲಿ ತೇವ, ಮೂಲೆಯಲ್ಲಿ ಬೂಷ್ಟು. ಬೂಷ್ಟು ಅಸ್ತಮಾಕ್ಕೆ ಚಳಿಯಷ್ಟೇ ಕೆಟ್ಟದ್ದು. ಪಡಸಾಲೆಯ ಕಡೆಗಿರುವ ಗವಾಕ್ಷಿಯನ್ನು ತೆರೆದೇ ಇಡಿ. ಗಾಳಿ ನೇರ ಹೊಡೆಯುವ ಪೂರ್ವ, ಉತ್ತರದ ಗವಾಕ್ಷಿಗಳಿಗೆ ರಟ್ಟೋ ಅಕ್ರಿಲಿಕ್ ಶೀಟೋ ಕೂರಿಸಿ.

ಕಡೆಯದಾಗಿ ಹೀಟರ್. ಮೇಲಿನದೆಲ್ಲ ಮಾಡಿ, ಥರ್ಮಾಮೀಟರ್ ಇನ್ನೂ 16 ತೋರಿಸಿದರೆ ಆಗ ತನ್ನಿ. 2000 ವ್ಯಾಟ್ ಬೇಡ, ಅದರಲ್ಲಿ ಅರ್ಧದಷ್ಟು ಸಾಮರ್ಥ್ಯದ್ದು ಸಾಕು. 1000 ವ್ಯಾಟ್ ಎಂಟು ಗಂಟೆ ಉರಿದರೆ ದಿನಕ್ಕೆ 8 ಯೂನಿಟ್, ತಿಂಗಳಿಗೆ 240. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನೀವೇ ಕಟ್ಟಬೇಕು. ಬಿಟ್ಟಿ ಕರೆಂಟೂ ಹೋಯಿತು, ಹೀಟರ್ ದುಡ್ಡೂ ಹೋಯಿತು. ಸಂದು ಮುಚ್ಚಿದ ಕೋಣೆಯಲ್ಲಿ ಮಲಗುವ ಮೊದಲು ಒಂದು ಗಂಟೆ, ಬೆಳಗಿನ ಜಾವ ಒಂದು ಗಂಟೆ ಹಾಕಿದರೆ ತಿಂಗಳಿಗೆ 60 ಯೂನಿಟ್ಟಿನೊಳಗೆ ಮುಗಿಯುತ್ತದೆ.

ಯಾವುದು ಅಂದರೆ, ಎಣ್ಣೆ ತುಂಬಿದ ರೇಡಿಯೇಟರ್ ಮಾದರಿಯದ್ದು. ನಿಧಾನ, ಬೆಲೆ ಜಾಸ್ತಿ, ಆದರೆ ಕೆಂಪಗೆ ಕಾದ ತಂತಿ ಹೊರಗೆ ಕಾಣುವುದಿಲ್ಲ, ಧೂಳು ಎಬ್ಬಿಸುವ ಫ್ಯಾನ್ ಇಲ್ಲ. ಕೆಂಪಗೆ ಉರಿಯುವ ರಾಡ್ ಹೀಟರ್ ಮುಂದೆ ಕೂತವರಿಗೆ ಬೇಗ ಹಿತ ಕೊಡುತ್ತದೆ, ನಿಜ. ಆದರೆ ಹೊದಿಕೆ ಜಾರಿ ಅದರ ಮೇಲೆ ಬಿದ್ದರೆ ಬೆಂಕಿ. ಮಲಗುವ ಕೋಣೆಗೆ ನಾನು ಅದನ್ನು ಹೇಳುವುದಿಲ್ಲ. ಯಾವ ಹೀಟರ್ ಆದರೂ ಮಂಚದಿಂದ ಮೂರಡಿ ದೂರ, ಮೇಲೆ ಟವೆಲ್ ಒಣಹಾಕುವಂತಿಲ್ಲ. ಹಳೆಯ ಮನೆಯ ವೈರಿಂಗ್ ಬಗ್ಗೆ ನನಗೆ ನಿಜವಾದ ಭಯ ಇದೆ. ಮಗ ತರಬೇಕೆಂದಿರುವ 2000 ವ್ಯಾಟಿನದು ಸುಮಾರು 9 ಆಂಪಿಯರ್ ಎಳೆಯುತ್ತದೆ, ಚಿಕ್ಕ ಸಾಕೆಟ್ ಅದನ್ನು ತಾಳುವುದಿಲ್ಲ. ಚಿಕ್ಕ ಹೀಟರ್‌ಗೂ ಮೀಟರ್ ಬೋರ್ಡಿನಿಂದ ನೇರ ಬರುವ ಪ್ರತ್ಯೇಕ ವೈರು, 16 ಆಂಪಿಯರ್ ಸಾಕೆಟ್, ಅರ್ತಿಂಗ್ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಖಂಡಿತ ಬೇಡ.

ಮೈಸೂರಿನ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೂ ಇದೇ ಲೆಕ್ಕ. ಅಲ್ಲಿ ನೋಡಬೇಕಾದ ಜಾಗ ಬೇರೆ: ಸ್ಲೈಡಿಂಗ್ ಕಿಟಕಿಯ ಕೆಳಗಿನ ಟ್ರ್ಯಾಕ್, ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನಿನ ತೂತು, ಹಿಂದಿನವರು ಏಸಿ ಪೈಪಿಗೆ ಕೊರೆದು ಹಾಗೇ ಬಿಟ್ಟ ರಂಧ್ರ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತದೆ ಅನ್ನುತ್ತಾರಲ್ಲ, ಅದು ಹೋದ ಮೇಲೆ ಗವಾಕ್ಷಿಯ ರಟ್ಟು, ಗೋಡೆ ತಲೆಯ ಗೋಣಿ ತೆಗೆಯಿರಿ. ಗೋಣಿ ಹಾಗೇ ಬಿಟ್ಟರೆ ಇಲಿ ಸೇರುತ್ತದೆ. ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಜನ ಬರುತ್ತಾರಲ್ಲ, ಆಗ ಅದೇ ಕೆಲಸದವರಿಗೆ ಹೇಳಿ ಪೂರ್ವ, ಉತ್ತರದ ಗೋಡೆಯ ತಲೆಗೆ ಬಿಚ್ಚಿ ಹಾಕಬಹುದಾದ ಹಲಗೆ ಕೂರಿಸಿಕೊಳ್ಳಿ. ಮಾಡು ಬಿಚ್ಚಿರುವಾಗ ಅದು ಅರ್ಧ ದಿನದ ಕೆಲಸ. ಆಮೇಲೆ ಏಣಿ ಹಾಕಿ ಮಾಡಿಸುವುದಾದರೆ ಕೂಲಿಯೂ ಜಾಸ್ತಿ, ಒಡೆಯುವ ಹೆಂಚೂ ಜಾಸ್ತಿ.